ಮನೆದೇವರನ್ನು ಕೇಳಿದ ಮನೆ

ಅಕ್ಕನ ಬಲಗೈ ಬೆರಳುಗಳ ತುದಿಗಳು ನುಣ್ಣಗೆ, ಬೆಳ್ಳಗೆ ಆಗಿಬಿಟ್ಟಿದ್ದವು. ಶಿಡ್ಲಘಟ್ಟದಲ್ಲಿ ಓದುವ ವಯಸ್ಸಿನಲ್ಲೇ ಅಮ್ಮನ ಪಕ್ಕ ಕುಳಿತು ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆ ತೆಗೆದ ಗುರುತು ಅದು. ವಿಮಾನ ನಿಲ್ದಾಣದ ಯಂತ್ರ ಆ ಬೆರಳಚ್ಚು ಹಿಡಿಯಲು ಪ್ರತಿ ಸಲ ತಿಣುಕಾಡುತ್ತಿತ್ತಂತೆ. ಡಬ್ಲಿನ್‌ನಲ್ಲಿ ಯಾವ ಖಾಲಿ ಫ್ಲ್ಯಾಟ್ ನೋಡಲು ಹೋದರೂ ಅಕ್ಕ ಮೊದಲು ಅಡಿಗೆಮನೆಯ ನಲ್ಲಿ ತಿರುಗಿಸಿ, ಬಿಸಿನೀರು ಬರುತ್ತದೆಯೇ ಎಂದು ಅದೇ ಬೆರಳುಗಳನ್ನು ಒಡ್ಡುತ್ತಿದ್ದಳು.

ಅಕ್ಕನೆಂದರೆ ಒಡಹುಟ್ಟಿದವಳಲ್ಲ. ಅಲ್ಲಿ ಒಂದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ನಮ್ಮದು. ನಾನು ಚಿಕ್ಕಬಳ್ಳಾಪುರದವಳು ಎಂದು ತಿಳಿದ ದಿನವೇ "ಹಂಗಾದ್ರೆ ನಮ್ಮೂರೋಳೇ ಕಣೇ ನೀನು" ಎಂದು ತನ್ನ ಡಬ್ಬಿಯ ಹಿತಕಿದ ಅವರೆಬೇಳೆ ಸಾರನ್ನು ನನ್ನ ಅನ್ನಕ್ಕೆ ಸುರಿದಿದ್ದಳು. ಆಮೇಲೆ ಇಬ್ಬರೂ ಒಂದೇ ಫ್ಲ್ಯಾಟಿನಲ್ಲಿದ್ದೆವು. ಅದನ್ನು ಮಾರುತ್ತೇನೆಂದು ಮಾಲೀಕ ಹೇಳಿದ ಮೇಲೆ ತಿಂಗಳ ಕೊನೆಯೊಳಗೆ ಬೇರೆ ಸೂರು ಹುಡುಕಬೇಕಾಯಿತು.

ಹೋದಲ್ಲೆಲ್ಲ ನ್ಯಾಯಬೆಲೆ ಅಂಗಡಿ ಮುಂದಿನಂಥ ಸಾಲು. ಒಬ್ಬ ಏಜೆಂಟ್ ಹಳೆಯ ಮಾಲೀಕರ ಶಿಫಾರಸು ಕೇಳಿದರೆ, ಇನ್ನೊಬ್ಬ ನಮ್ಮ ಮುಖ ನೋಡಿ "ಅಡಿಗೆ ಜಾಸ್ತಿ ಮಾಡುತ್ತೀರಾ?" ಎಂದ. "ಮನೆ ಕಟ್ಟಿ ನೋಡು ಅಂದೋರು ಇಲ್ಲಿ ಬಂದು ಬಾಡಿಗೆಗೆ ಹಿಡಿದು ನೋಡ್ಲಿಲ್ಲ" ಎಂದು ಅಕ್ಕ ನಗುತ್ತಿದ್ದಳು. ನನಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ನಮ್ಮ ಕಡೆಯವರದೇ ಒಂದು ಫ್ಲ್ಯಾಟ್ ಖಾಲಿಯಿದೆ ಎಂದು ಗೊತ್ತಾಯಿತು. ಮನೆಯೊಡತಿ ಚಿಂತಾಮಣಿಯವರು, ಡಬ್ಲಿನ್‌ನಲ್ಲಿ ನೆಲೆಸಿ ಬಹಳ ವರ್ಷವಾದವರು. ಬಾಯ್ತುಂಬಾ ಮಾತಾಡಿಸಿ, ಕೋಣೆ ತೋರಿಸಿ, "ನಿಮ್ಮ ಮನೆದೇವ್ರು ಯಾವ್ದಮ್ಮ?" ಎಂದರು. ನಾನು ಹೇಳಿದೆ. ಆಮೇಲೆ ಅಕ್ಕನ ಕಡೆ ತಿರುಗಿದರು.

ಅಕ್ಕ ನಲ್ಲಿ ನಿಲ್ಲಿಸಿ, "ನಮ್ಮನೇಲಿ ಬುದ್ಧ ಮೇಡಂ. ನಮ್ಮ ತಾತನ ಕಾಲದಿಂದ" ಎಂದಳು.

ಅವರ ಮುಖದ ನಗು ಹಾಗೇ ಇತ್ತು. ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದರು. ನಾವು ಬಸ್ ಹತ್ತುವಷ್ಟರಲ್ಲಿ ನನಗೆ ಫೋನ್ ಬಂತು. "ನೀನೊಬ್ಳೇ ಆದ್ರೆ ನಾಳೇನೇ ಬಾಮ್ಮ. ಆ ಹುಡುಗಿ ಬೇಡ. ಪೂಜೆ ಪುನಸ್ಕಾರ ನಡೆಯೋ ಮನೆ, ನಿಂಗೆ ಗೊತ್ತಾಗತ್ತಲ್ವ."

ಮನೆದೇವರ ಆ ಪ್ರಶ್ನೆ ಕೇಳುತ್ತಲೇ ನಾನು ಬೆಳೆದದ್ದು. ನಂಟು ಹುಡುಕುವ ಅಕ್ಕರೆಯ ಮಾತು ಎಂದುಕೊಂಡಿದ್ದೆ. ಜಾತಿ ಕೇಳುವ ದಾರಿ ಅದೆಂದು ತಿಳಿಯಲು ಸಮುದ್ರ ದಾಟಬೇಕಾಯಿತು. ನಿಮ್ಮ ಮನೆ ಬೇಡ ಎಂದು ಫೋನ್ ಇಟ್ಟೆ.

"ಪೋನೀಲೇ, ಹೋಗ್ಲಿ ಬಿಡು" ಎಂದಳು ಪಕ್ಕದಲ್ಲೇ ಕೇಳಿಸಿಕೊಂಡಿದ್ದ ಅಕ್ಕ. "ಗೌರಿಬಿದನೂರಲ್ಲಿ ಕೆಲಸಕ್ಕೆ ಸೇರಿದಾಗ್ಲೂ ಇದೇ ಮಾತು ಕೇಳಿದೀನಿ. ನಿಂಗೆ ಇಷ್ಟು ಗಾಬರಿ ಆಯ್ತಲ್ಲ, ನಂಗೆ ಅದೇ ಆಶ್ಚರ್ಯ."

ಕೊನೆಗೆ ಎರಡು ಬಸ್ ಬದಲಾಯಿಸಬೇಕಾದಷ್ಟು ದೂರದಲ್ಲಿ ಮನೆ ಸಿಕ್ಕಿತು. ಬಿಸಿನೀರು ಅದರ ಇಷ್ಟ ಬಂದಾಗ ಬರುತ್ತಿತ್ತು. ಅಲ್ಲಿನ ಮುದುಕಿ ಕೇಳಿದ್ದು ಸಿಗರೇಟು ಸೇದುತ್ತೀರಾ ಎಂದು ಮಾತ್ರ.

ಮುಂದಿನ ರಜೆಗೆ ಇಬ್ಬರೂ ಊರಿಗೆ ಬಂದಾಗ ಅಕ್ಕನನ್ನು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಕರೆದೆ. ಅಮ್ಮ ಪ್ರೀತಿಯಿಂದಲೇ ಕೂರಿಸಿದಳು. ಊರು, ಸಂಬಳ, ಮದುವೆ ಎಲ್ಲ ವಿಚಾರಿಸಿ, "ನಿಮ್ಮ ಮನೆದೇವ್ರು ಯಾವ್ದಮ್ಮ?" ಎಂದಳು. ಅಕ್ಕ ಅದೇ ದನಿಯಲ್ಲಿ ಅದೇ ಉತ್ತರ ಕೊಟ್ಟಳು. ಒಳಗೆ ಹೋದ ಅಮ್ಮ ಕಾಫಿ ತಂದಳು. ನನಗೆ ಸ್ಟೀಲ್ ಲೋಟದಲ್ಲಿ, ಅಕ್ಕನಿಗೆ ಪೇಪರ್ ಲೋಟದಲ್ಲಿ.

"ಕಾಫಿ ಚೆನ್ನಾಗಿದೆ ಅಮ್ಮ" ಎಂದಳು ಅಕ್ಕ. ನಮ್ಮ ಮಹಡಿ ಮನೆ ಬಾಡಿಗೆಗೆ ಕೇಳಲು ಬಂದವರನ್ನು ಅಮ್ಮ ಗೇಟಿನಲ್ಲೇ ನಗುನಗುತ್ತಾ ಮಾತಾಡಿಸಿ ಕಳಿಸುತ್ತಿದ್ದದ್ದು ನನಗೆ ನೆನಪಾಯಿತು.

ಬಸ್ ಸ್ಟ್ಯಾಂಡಿನಲ್ಲಿ, "ಇನ್ನು ಅಮ್ಮನ ಮನೆಗೆ ಹೋಗಲ್ಲ ಅಕ್ಕ" ಎಂದೆ.

"ಡಬ್ಲಿನ್‌ನಲ್ಲಿ ಬೇಡ ಅಂದ್ವಿ, ಮುಗೀತು. ಅದು ಬಾಡಿಗೆ ಮನೆ" ಎಂದಳು. "ಇದು ನಿನ್ನ ಮನೆ ಕಣೇ, ಖಾಲಿ ಮಾಡಕ್ಕಾಗಲ್ಲ. ಹೋಗಿ ನಿಮ್ಮಮ್ಮನ ಹತ್ರ ಮಾತಾಡು." ಶಿಡ್ಲಘಟ್ಟದ ಬಸ್ ಬಂತು, ಹತ್ತಿ ಹೋದಳು.

ಅಂದು ಶುರುವಾದ ಮಾತು ಇನ್ನೂ ಮುಗಿದಿಲ್ಲ. ಅಮ್ಮ ಒಮ್ಮೆ ಅಳುತ್ತಾಳೆ, ಒಮ್ಮೆ ಸಿಟ್ಟಿನಿಂದ ಫೋನ್ ಇಟ್ಟುಬಿಡುತ್ತಾಳೆ. ನಾನು ಮತ್ತೆ ಮಾಡುತ್ತೇನೆ. ಅಕ್ಕನ ಋಣ ತೀರಿಸಲು ನನಗೆ ಬೇರೆ ದಾರಿ ಗೊತ್ತಿಲ್ಲ.