ಲೀಡರನ್ನು ಆಫ್ ಮಾಡಿ ಎಂದರು ಸರ್

ಫ್ರೆಂಡ್ಸ್, ಇವತ್ತು ಲ್ಯಾಬ್‌ನಲ್ಲಿ ಡೇಟಾಬೇಸ್ ಕ್ಲಸ್ಟರ್ ತೋರಿಸದಿದ್ದರೆ ನಮಗೆ ಇಂಟರ್ನಲ್ ಮಾರ್ಕ್ಸ್ ಇಲ್ಲ ಎಂದಿದ್ದರು ಸರ್. ನಾನು, ರಾಯಚೂರಿನ ರೇಣುಕಾ, ನಿಜಾಮಾಬಾದಿನ ಸಾನಿಯಾ ಒಂದೇ ಟೀಮ್. ದಿಲ್‌ಸುಖ್‌ನಗರದ ಹಾಸ್ಟೆಲಿನಲ್ಲೂ ಒಂದೇ ರೂಮ್. ನಮ್ಮ ಮೂರು ಲ್ಯಾಪ್‌ಟಾಪ್‌ಗಳು ಒಂದೇ ಡೇಟಾ ಇಟ್ಟುಕೊಂಡು, ತಮ್ಮಲ್ಲೇ ಒಂದನ್ನು ಲೀಡರ್ ಮಾಡಿಕೊಳ್ಳಬೇಕು. ಅದು ನಿಂತರೆ ಇನ್ನೊಂದು ಆ ಜಾಗಕ್ಕೆ ಬರಬೇಕು.

ಯಾವ ಲ್ಯಾಪ್‌ಟಾಪ್ ಯಾವುದರ ಜೊತೆ ಮಾತಾಡಬೇಕು ಎಂದು ಹೇಳುವ ಕಾನ್ಫಿಗ್ ಫೈಲ್ ಬರೆದದ್ದು ನಾನು. ಹೆದರಿಕೆಯಿಂದ ಮತ್ತೆ ಮತ್ತೆ ಚೆಕ್ ಮಾಡಿ ಗ್ರೂಪ್‌ಗೆ ಹಾಕಿದೆ. ಅವರಿಬ್ಬರೂ ಒಂದಕ್ಷರ ಬದಲಿಸದೆ ಪೇಸ್ಟ್ ಮಾಡಿಕೊಂಡರು. ಡೆಮೋ ಶುರುವಾದಾಗ ನನ್ನ ಸ್ಕ್ರೀನ್ ಮೇಲೆ ‘ಲೀಡರ್’ ಎಂದು ಬಂತು. ಒಳಗೊಳಗೇ ಖುಷಿಪಟ್ಟೆ, ಯಾರಿಗೂ ಹೇಳಲಿಲ್ಲ.

ಸರ್ ಬಂದು ತೆಲುಗಿನಲ್ಲಿ, “ಲೀಡರ್ ಆಫ್ ಚೇಯಂಡಿ” ಎಂದರು. ಹಾಸ್ಟೆಲಿನಲ್ಲಿ ಬೆಳೆದವರು ನಾವು, ವಾರ್ಡನ್ ಲೈಟ್ ಆಫ್ ಎಂದರೆ ಆಫ್. ಮೂವರೂ ಒಟ್ಟಿಗೆ ಆಫ್ ಮಾಡಿದೆವು.

ಸರ್ ಮೂರು ಕಪ್ಪು ಸ್ಕ್ರೀನ್‌ಗಳನ್ನು ನೋಡಿದರು. “ಮರಿ ಡೇಟಾ ಎಕ್ಕಡಮ್ಮಾ?” ಎಂದು ಡೇಟಾ ಎಲ್ಲಿ ಅಂತ ಕೇಳಿದರು.

“ಮಲಗೈತ್ರಿ ಸರ್,” ಎಂದಳು ರೇಣುಕಾ.

“ನಿನಗೂ ಲೀಡರ್ ಬಂದಿತ್ತಾ? ಹೇಳೋದಲ್ವಾ?” ಎಂದೆ ಅವಳಿಗೆ.

“ನಿಮಗ ಬ್ಯಾಸರ ಆಗ್ತೈತಿ ಅಂತ ಸುಮ್ಮನಿದ್ದೆ.”

ಸಾನಿಯಾ ನೆಲ ನೋಡುತ್ತಾ, “ಮೈ ಭೀ,” ನಾನೂ ಅಷ್ಟೇ, ಎಂದಳು.

ಫೈಲಿನಲ್ಲಿ ಮೂರು ಲ್ಯಾಪ್‌ಟಾಪ್‌ಗಳ ವಿಳಾಸ ಇರಬೇಕಾದ ಕಡೆ ನಾನು ‘ಲೋಕಲ್‌ಹೋಸ್ಟ್’ ಎಂದಷ್ಟೇ ಬರೆದಿದ್ದೆ, ಅಂದರೆ ‘ಈ ಮೆಷಿನ್ನೇ’. ಹಾಗಾಗಿ ಮೂರೂ ತಮಗೆ ತಾವೇ ವೋಟು ಹಾಕಿಕೊಂಡು ಅವಿರೋಧವಾಗಿ ಆಯ್ಕೆಯಾಗಿದ್ದವು.

ನಾಳೆ ಮತ್ತೆ ಡೆಮೋ. ರೂಮಿನಲ್ಲಿ ಈಗ ಇಬ್ಬರೂ ನನ್ನನ್ನು ಲೀಡರ್ ಎಂದೇ ಕರೆಯುತ್ತಿದ್ದಾರೆ, ಫೈಲ್ ಮುಟ್ಟಲು ಮಾತ್ರ ಬಿಡುತ್ತಿಲ್ಲ.