ಅಪ್ಪ ಬಂದ ಶನಿವಾರ, ಭಾನುವಾರ

ನಾನು ಹುಟ್ಟಿ ಬೆಳೆದದ್ದು ಮಸ್ಕತ್ತಿನಲ್ಲಿ. ಅಪ್ಪ ಅಲ್ಲಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು. ಹನ್ನೆರಡನೇ ತರಗತಿ ಮುಗಿಸಿ ಫಿಸಿಯೋಥೆರಪಿ ಓದಲು ಚೆನ್ನೈಗೆ ಬಂದಾಗ, ಪಾಸ್‌ಪೋರ್ಟ್ ನೋಡಿದವರ ಪಾಲಿಗೆ ನಾನು ಸ್ವದೇಶಕ್ಕೆ ಮರಳಿದವಳು. ನನಗೆ ಮಾತ್ರ ಅದು ಪರದೇಶ. ತಮಿಳು ಬಾರದು, ಬಸ್ಸು ಹತ್ತಲು ಬಾರದು, ರಸ್ತೆ ದಾಟುವುದಕ್ಕೂ ಹೆದರಿಕೆ.

ಕಾಲೇಜು ಪೋರೂರಿನಲ್ಲಿ. ಹಾಸ್ಟೆಲಿನಲ್ಲಿ ಜಾಗ ಸಿಗದೆ, ಅಪ್ಪನ ಯಜಮಾನರ ಪರಿಚಯದ ಒಂದು ಮನೆಯಲ್ಲಿ ಉಳಿದುಕೊಂಡೆ. ಮನೆ ಅಡ್ಯಾರಿನಲ್ಲಿತ್ತು. ಅವರು ಉಡುಪಿ ಕಡೆಯವರು, ಚೆನ್ನೈಗೆ ಬಂದು ಎರಡು ತಲೆಮಾರು ಆಗಿತ್ತು. ಆ ಮನೆಯ ಹಿರಿಯರನ್ನು ಮಾಮ, ಅವರ ಹೆಂಡತಿಯನ್ನು ಮಾಮಿ ಎಂದು ಕರೆಯುತ್ತಿದ್ದೆ. ಮೊದಲ ದಿನವೇ ಮಾಮಿ ನನ್ನ ತಲೆ ಸವರಿ, "ಇನ್ಮೇಲೆ ನೀ ನಮ್ ಮನೆ ಮಗಳೇ ಕಣ್ಣಾ" ಎಂದಿದ್ದರು. ಮಗಳೆಂದ ಮೇಲೆ ಬೆಳಿಗ್ಗೆ ಬೀನ್ಸ್ ಹೆಚ್ಚುವುದು, ಸಂಜೆ ಹೂವು ತರುವುದು, ಬಟ್ಟೆ ಮಡಚುವುದು ಇದ್ದದ್ದೇ. ನನಗೂ ಅದರಲ್ಲಿ ಬೇಸರವಿರಲಿಲ್ಲ. ಮನೆಯಲ್ಲಿ ಕನ್ನಡ ಕೇಳಿಸುತ್ತಿತ್ತಲ್ಲ, ಅಷ್ಟೇ ಸಾಕಾಗಿತ್ತು.

ಎರಡನೇ ವರ್ಷ ಅಪ್ಪನಿಗೆ ರಜೆ ಸಿಕ್ಕಿತು. ಊರಿಗೆ ಹೋಗುವ ದಾರಿಯಲ್ಲಿ ಶನಿವಾರ ಬೆಳಿಗ್ಗೆ ಚೆನ್ನೈಯಲ್ಲಿ ಇಳಿದು, ಭಾನುವಾರ ಸಂಜೆಯ ರೈಲು ಹಿಡಿಯುವುದೆಂದು ಆಯಿತು. ನಾವು ಮುಖ ನೋಡಿಕೊಂಡು ಒಂದೂವರೆ ವರ್ಷವಾಗಿತ್ತು. ಶನಿವಾರ ಕಾಲೇಜು ತೋರಿಸುವುದು, ಸಂಜೆ ಬೆಸೆಂಟ್ ನಗರದ ಸಮುದ್ರದ ಹತ್ತಿರ ಕೂರುವುದು, ಭಾನುವಾರ ಸುಮ್ಮನೆ ಇರುವುದು. ಫೋನಿನಲ್ಲಿ ಇದನ್ನು ಎಷ್ಟೋ ಸಲ ಮಾತಾಡಿಕೊಂಡಿದ್ದೆವು. ಅಮ್ಮ ನನಗೆ ಬೇರೆಯಾಗಿ ಹೇಳಿದ್ದಳು, "ಅವ್ರಿಗೆ ಮಂಡಿ ನೋವು ಜಾಸ್ತಿಯಾಯ್ತ್. ಜಾಸ್ತಿ ನಿಲ್ಸ್‌ಬೇಡ ಮಗಾ."

ಅದೇ ಭಾನುವಾರ ಮಾಮಿಯ ಮೊಮ್ಮಗನ ಮೊದಲ ಹುಟ್ಟುಹಬ್ಬ. ಮನೆಯಲ್ಲೇ ಆಯುಷ್ಯ ಹೋಮ, ತಾರಸಿಯ ಮೇಲೆ ಊಟ. "ನಿಮ್ಮಪ್ಪನೂ ಇರ್ಲಿ, ನಮ್ ಜೊತೆ ಮೊದಲನೇ ಪಂಕ್ತೀಲಿ ಕೂತು ಊಟ ಮಾಡ್ಲಿ" ಎಂದು ಮಾಮಿ ತಾವಾಗಿಯೇ ಹೇಳಿದಾಗ ನನಗೆ ಖುಷಿಯಾಗಿತ್ತು.

ಶನಿವಾರ ಬೆಳಿಗ್ಗೆ ಅಪ್ಪನನ್ನು ವಿಮಾನ ನಿಲ್ದಾಣದಿಂದ ಕರೆತಂದೆ. ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು, ಮಾಮಿಗೆಂದು ಖರ್ಜೂರದ ಡಬ್ಬ ಹಿಡಿದುಕೊಂಡು ಬಂದಿದ್ದರು. ಕಾಫಿ ಮುಗಿಯುವ ಹೊತ್ತಿಗೆ ಮಾಮನ ಫೋನು ರಿಂಗಾಯಿತು. ಅಡುಗೆಗೆ ಒಪ್ಪಿಕೊಂಡಿದ್ದವರ ಅಣ್ಣ ತೀರಿಕೊಂಡಿದ್ದರು. ಸೂತಕ, ಹೋಮದ ಮನೆಯ ಒಲೆ ಮುಟ್ಟುವ ಹಾಗಿಲ್ಲ. ಬಡಿಸುವ ಇಬ್ಬರು ಬರುತ್ತಾರೆ, ಪಾತ್ರೆ, ಒಲೆ ಬರುತ್ತದೆ, ಅಡುಗೆಯವರಿಲ್ಲ. ಮಾಮ ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿದರು. ಒಳ್ಳೆಯ ಮುಹೂರ್ತದ ಭಾನುವಾರ, ಯಾರೂ ಖಾಲಿ ಇರಲಿಲ್ಲ.

ಮಾಮಿ ಸೋಫಾದಲ್ಲಿ ಕುಸಿದು ಕೂತರು. ಆಮೇಲೆ ಅವರ ಕಣ್ಣು ಅಪ್ಪನ ಮೇಲೆ ನಿಂತಿತು.

"ದೇವ್ರೇ ಕಳ್ಸಿದ ಹಾಗೆ ಬಂದಿದ್ದೀರಿ ನೀವು. ಒಂದ್ ಹೆಲ್ಪ್ ಮಾಡ್ಬೇಕಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಮಾಮಿ, ನಾವು ಈಗ ಪೋರೂರಿಗೆ ಹೊರಟಿದ್ವಿ. ಅಪ್ಪನಿಗೆ ಮಂಡಿ ನೋವು ಬೇರೆ."

"ಕಾಲೇಜು ಎಲ್ಲಿಗೂ ಓಡಿ ಹೋಗಲ್ಲ ಕಣ್ಣಾ. ನಿಂತು ಮಾಡುದು ಬೇಡ, ಸ್ಟೂಲ್ ಹಾಕಿ ಕೊಡ್ತೇನೆ. ನಮ್ ಮನೆ ಫಂಕ್ಷನ್ ಅಂದ್ರೆ ನಿನ್ ಮನೆದೇ ಅಲ್ವಾ?"

ಅಪ್ಪ ನನ್ನತ್ತ ನೋಡಲಿಲ್ಲ. "ಅಡ್ಡಿಲ್ಲೆ ಅಮ್ಮ, ಮಾಡುವ" ಎಂದರು. ಒಳಗೆ ಹೋಗಿ ನೀಲಿ ಅಂಗಿ ಬಿಚ್ಚಿ, ಪಂಚೆಯುಟ್ಟು ಹೊರಗೆ ಬಂದರು.

ಆ ಎರಡು ದಿನಗಳಲ್ಲಿ ನಾವಿಬ್ಬರೇ ಹೊರಗೆ ಹೋದದ್ದು ಎಂದರೆ ತರಕಾರಿ ಮಾರ್ಕೆಟ್ಟಿಗೆ. ಬರುವಾಗ ಆಟೋದಲ್ಲಿ ಕಾಲ ಬಳಿ ಕುಂಬಳಕಾಯಿ, ತೊಡೆಯ ಮೇಲೆ ಬಾಳೆಲೆಯ ಕಟ್ಟು. ಅಪ್ಪ ಸದ್ದಿನ ನಡುವೆಯೇ ಕೇಳುತ್ತ ಹೋದರು, ಹೆಣ ಕೊಯ್ಯುವ ಕ್ಲಾಸಿನಲ್ಲಿ ಹೆದರಿಕೆಯಾಯಿತೇ, ಮಧ್ಯಾಹ್ನ ಊಟ ಏನು ಮಾಡುತ್ತೀ, ಗೆಳತಿಯರು ಇದ್ದಾರಾ ಎಂದು. ನಾನು ಸಿಟ್ಟಿನಲ್ಲಿ ಒಂದೊಂದೇ ಮಾತಿನಲ್ಲಿ ಉತ್ತರಿಸಿದೆ. ಇನ್ನೂ ಸಮಯವಿದೆ ಎಂದುಕೊಂಡಿದ್ದೆ.

ಮನೆಗೆ ಬಂದ ಮೇಲೆ ಸಮಯವಿರಲಿಲ್ಲ. ತೆಂಗಿನಕಾಯಿ ತುರಿಯುವುದು, ಬೇಳೆ ಆರಿಸುವುದು, ಬಂದವರಿಗೆಲ್ಲ ಟಿಫನ್. ಸಂಜೆಗೆ ಬೀಗರ ಕಡೆಯವರು ಬಂದು ಇಳಿದರು. ನನ್ನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟೆ. ಅಪ್ಪನಿಗೆ ತಾರಸಿಯ ಮೇಲೆ, ಪಾತ್ರೆಗಳ ಪಕ್ಕದಲ್ಲಿ ಚಾಪೆ ಹಾಕಿದರು. ಬೆಳಿಗ್ಗೆ 'ನಿಮ್ಮಪ್ಪ' ಆಗಿದ್ದವರು ಅಷ್ಟರೊಳಗೆ 'ಭಟ್ರು' ಆಗಿದ್ದರು. ಮಾಮಿಯ ಮಗಳು ಕನ್ನಡ ಅರ್ಥವಾದರೂ ತಮಿಳಿನಲ್ಲೇ ಮಾತಾಡುವವಳು. ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದಳು, "ಭಟ್ಟರೇ, ಇನ್ನೊರು ಕಾಫಿ." ಅಪ್ಪ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಹೇಳಿದ್ದ ಸ್ಟೂಲು ಕೊನೆಯವರೆಗೂ ಬರಲಿಲ್ಲ. ನಾನೇ ಸ್ನಾನದ ಮನೆಯಿಂದ ಒಂದು ಪ್ಲಾಸ್ಟಿಕ್ ಮಣೆ ಒಯ್ದು ಕೊಟ್ಟರೆ, ಅಷ್ಟು ತಗ್ಗಿನಲ್ಲಿ ಕೂತರೆ ಏಳಲಾಗುವುದಿಲ್ಲ ಎಂದು ನಕ್ಕರು.

ಭಾನುವಾರ ಹೋಮ ಚೆನ್ನಾಗಿಯೇ ನಡೆಯಿತು. ಮೊದಲ ಪಂಕ್ತಿ ಕೂತಿತು. ಅಪ್ಪ ಒಲೆಯ ಮುಂದೆ, ನಾನು ಕೋಸಂಬರಿಯ ಪಾತ್ರೆ ಹಿಡಿದು ಸಾಲಿನ ನಡುವೆ. ಹುಳಿ ಉಂಡ ಒಬ್ಬ ಹಿರಿಯರು ಅಡುಗೆ ಯಾರದೆಂದು ಕೇಳಿದರು. ಮಾಮಿ ಹೆಮ್ಮೆಯಿಂದ ಹೇಳಿದರು, "ನಮ್ ಊರ್ ಕಡೆ ಭಟ್ರು. ಮಸ್ಕತ್ತಿಂದ ಕರೆಸಿದ್ದು."

ಆ ಸಾಲಿನಲ್ಲೇ ನಾನು ನಿಂತಿದ್ದೆ. ಇವಳ ತಂದೆ ಎನ್ನಲು ಅವರಿಗೆ ಒಂದು ಉಸಿರು ಸಾಕಿತ್ತು.

ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದಾಗ ಕೆಳಗಿನಿಂದ ಮತ್ತೆ ಕಾಫಿಗೆ ಕರೆ ಬಂತು. ಆ ಪಂಕ್ತಿಗೆಂದು ಇಟ್ಟ ಕಡಲೆಬೇಳೆ ಪಾಯಸ ಇನ್ನೂ ಒಲೆಯ ಮೇಲಿತ್ತು. ಉರಿ ಸಣ್ಣ ಮಾಡಿ ಅಪ್ಪ ಕೆಳಗಿಳಿದರು. ಕಾಫಿ ಕೊಟ್ಟು, ಆ ಕಾಲು ಎಳೆದುಕೊಂಡು ಮೇಲೆ ಬರುವಷ್ಟರಲ್ಲಿ ಪಾಯಸ ತಳ ಹಿಡಿದಿತ್ತು. ಮೇಲಿನದ್ದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿದರೂ ವಾಸನೆ ಹೋಗಲಿಲ್ಲ. ಮಾಮಿಯ ಬೀಗಿತ್ತಿ ಒಂದು ಸಲ ಬಾಯಿಗಿಟ್ಟು ಉಳಿದದ್ದನ್ನು ಎಲೆಯ ತುದಿಗೆ ಸರಿಸಿದರು.

ಮಾಮಿ ನೇರ ಒಲೆಯ ಹತ್ತಿರ ಬಂದರು. ದನಿ ಏರಿಸಲಿಲ್ಲ. "ಎಂತ ಭಟ್ರೇ, ಬೀಗರ ಎದ್ರಲ್ಲಿ ಹೀಗ್ ಮಾಡಿಬಿಟ್ರಲ್ಲ. ಇಷ್ಟ್ ವರ್ಷ ಹೋಟ್ಲಲ್ಲಿ ಇದ್ದವ್ರು ಅಂತ ನಂಬಿದ್ದೆ."

ಅಪ್ಪ ಸಟ್ಟುಗ ಕೆಳಗಿಟ್ಟು ಕೈಮುಗಿದರು. "ತಪ್ಪಾಯ್ತಮ್ಮ."

"ಅವರು ನನ್ನ ಅಪ್ಪ" ಎಂದೆ.

ಮಾಮಿ ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು. "ಗೊತ್ತುಂಟಲ್ಲ ಕಣ್ಣಾ. ನಾನೀಗ ಏನ್ ಹೇಳ್ದೆ?" ಎಂದು ಬಡಿಸುವವರ ಕಡೆ ತಿರುಗಿದರು. ಅಪ್ಪ ನನ್ನ ಮೊಣಕೈ ಹಿಡಿದು, ಮಜ್ಜಿಗೆಯ ಪಾತ್ರೆಯನ್ನು ಕೈಗೆ ಕೊಟ್ಟು ಸಾಲಿನತ್ತ ಕಳಿಸಿದರು.

ಸಂಜೆ ಹೊರಡುವಾಗ ಮಾಮಿ ತಟ್ಟೆಯಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ಒಂದು ಪಂಚೆ ಇಟ್ಟು ಕೊಟ್ಟರು. ಅಡುಗೆಯವರನ್ನು ಕಳಿಸುವ ಕ್ರಮ ಅದು. ಅಪ್ಪ ಎರಡೂ ಕೈಗಳಲ್ಲಿ ತೆಗೆದುಕೊಂಡರು. ಸಮುದ್ರಕ್ಕೆ ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಸೆಂಟ್ರಲ್ ಸ್ಟೇಷನ್ನಿನ ದಾರಿ ಪೂರ್ತಿ ಟ್ರಾಫಿಕ್ಕು. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು, ಮಂಡಿಯ ಮೇಲೆ ಕೈ. ಊದಿಕೊಂಡದ್ದು ಪ್ಯಾಂಟಿನ ಮೇಲಿನಿಂದಲೇ ಕಾಣುತ್ತಿತ್ತು. ನಾನು ಆ ಕೈ ಸರಿಸಿ ಒತ್ತತೊಡಗಿದೆ. ನಾನು ಕಲಿತ ವಿದ್ಯೆಯನ್ನು ಅವರಿಗೆ ತೋರಿಸಿದ್ದು ಅಷ್ಟೇ.

ಅವರು ಆ ದಿನ ಸರಿಯಾಗಿ ಉಂಡಿರಲಿಲ್ಲ ಎಂಬುದು ಪ್ಲಾಟ್‌ಫಾರ್ಮಿನಲ್ಲಿ ತಿಳಿಯಿತು. ಇಡ್ಲಿಯ ಪೊಟ್ಟಣ ತಂದುಕೊಟ್ಟೆ. ಅವರು ತಿನ್ನುತ್ತಿರುವಾಗ ತಡೆಯಲಾಗದೆ ಕೇಳಿದೆ, "ಯಾಕೆ ಒಪ್ಪಿಕೊಂಡ್ರಿ? ನೀವು ಬಂದದ್ದು ನನ್ನ ನೋಡೋದಕ್ಕಲ್ವಾ?"

"ನಿನ್ನ ಕಾಂಬುಕೇ ಬಂದದ್ದ್" ಎಂದರು. ಪೊಟ್ಟಣದ ಕಾಗದ ಮಡಚುತ್ತ ಹೇಳಿದರು, "ನಾ ಇಲ್ಲೆ ಅಂದ್ ಹೋಪುಕಾತಿತ್. ನಾಳೆಯಿಂದ ಆ ಮನೇಲಿ ಕೂಕಂಡ್ ಉಂಬದ್ ನೀನಲ್ದಾ."

ಆಗುವುದಿಲ್ಲ ಎಂದು ಅವರು ಹೊರಟುಬಿಡಬಹುದಿತ್ತು, ಆ ಮನೆಯಲ್ಲಿ ಉಳಿಯಬೇಕಾದವಳು ನಾನು. ರೈಲು ಹೊರಟಾಗ ಕಿಟಕಿಯಿಂದ, "ಅವ್ರ ಹತ್ರ ಜಗಳ ಮಾಡ್‌ಬೇಡ" ಎಂದಷ್ಟೇ ಹೇಳಿದರು.

ಮರಳಿ ಬಂದಾಗ ನನ್ನ ಕುರ್ಚಿಯ ಮೇಲೆ ಯಾರದೋ ಒದ್ದೆ ಟವೆಲ್ ಇತ್ತು. ಮಾಮಿ ಫೋನಿನಲ್ಲಿ ಯಾರಿಗೋ ತಮಿಳಿನಲ್ಲಿ ಎಲ್ಲ ಚೆನ್ನಾಗಿ ಆಯಿತು, ಪಾಯಸ ಒಂದು ಮಾತ್ರ ಕೆಟ್ಟಿತು ಎನ್ನುತ್ತಿದ್ದರು. ನನ್ನನ್ನು ನೋಡಿ ಫೋನಿಗೆ ಕೈ ಅಡ್ಡ ಹಿಡಿದು, "ಅಡುಗೆಮನೇಲಿ ಹುಳಿ ಉಂಟು, ಬಿಸಿ ಮಾಡ್ಕೊಂಡು ಊಟ ಮಾಡು ಕಣ್ಣಾ" ಎಂದರು. ಪ್ರೀತಿಯಿಂದಲೇ ಹೇಳಿದರು. ಅದನ್ನು ನಾನು ಇವತ್ತಿಗೂ ಸಹಿಸಲಾರೆ.

ಹಾಸ್ಟೆಲಿನಲ್ಲಿ ಜಾಗ ಸಿಗಲೇ ಇಲ್ಲ. ಕೋರ್ಸ್ ಮುಗಿಯುವವರೆಗೆ ಆ ಮನೆಯಲ್ಲೇ ಇದ್ದೆ. ಅಪ್ಪ ಹೇಳಿದಂತೆ ಜಗಳ ಮಾಡಲಿಲ್ಲ. ಬೀನ್ಸ್ ಹೆಚ್ಚಿದೆ, ಹೂವು ತಂದೆ. ಆದರೆ ಆ ಸೋಮವಾರದಿಂದ ಅವರನ್ನು ಮಾಮಿ ಎಂದು ಕರೆಯುವುದನ್ನು ಬಿಟ್ಟೆ. ಏನೆಂದೂ ಕರೆಯಲಿಲ್ಲ. ಬೇಕಾದರೆ ಎದುರಿಗೆ ಹೋಗಿ ನಿಂತು ಮಾತು ಶುರು ಮಾಡುತ್ತಿದ್ದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ನಡೆಯಿತು. ಅವರು ಅದನ್ನು ಒಮ್ಮೆಯೂ ಗಮನಿಸಲಿಲ್ಲ.