ಕೆಂಪು ಇಂಕಿನ ‘ಟೈರ್‌ಲೆಸ್ಲಿ’

ಗಾಂಧಿ ಬಜಾರಿನ ಅಂಗಡಿಯಲ್ಲಿ ಇವತ್ತು ಕೆಂಪು ಪೆನ್ನೊಂದನ್ನು ಗೀಚಿ ನೋಡಿದೆ. ಕೈ ತಾನಾಗಿಯೇ ‘ಟೈರ್‌ಲೆಸ್ಲಿ’ ಎಂದು ಇಂಗ್ಲಿಷಿನಲ್ಲಿ ಬರೆಯಿತು.

ಚಿಕ್ಕಂದಿನಲ್ಲಿ ಚಾಮರಾಜಪೇಟೆಯಲ್ಲಿ ನಮಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತಿದ್ದ ಮಿಸ್, ಹುರುಳಿಕಾಯಿ ನಾರು ತೆಗೆಯುತ್ತಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಶನಿವಾರ ಮಾತ್ರ ಕೈ ತೊಳೆದು ಬಂದು, ಆ ವಾರ ನಾವು ಹೇಗೆ ಓದಿದೆವೆಂದು ಒಬ್ಬೊಬ್ಬರ ನೋಟ್‌ಬುಕ್ಕಿನಲ್ಲೂ ಕೆಂಪು ಇಂಕಿನಲ್ಲಿ ಒಂದೊಂದೇ ಇಂಗ್ಲಿಷ್ ಪದ ಬರೆಯುತ್ತಿದ್ದರು. ಪಕ್ಕದ ಮನೆಯ ಸವಿತಾಗೆ ಯಾವಾಗಲೂ ‘ಟೈರ್‌ಲೆಸ್ಲಿ’, ಅಂದರೆ ದಣಿವಿಲ್ಲದೆ. ನನಗೆ ‘ನೀಟ್ಲಿ’. ಅಚ್ಚುಕಟ್ಟಾಗಿ ಅಂತೆ! ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಅಣ್ಣನ ಕೆಂಪು ಪೆನ್ನು ಕದ್ದು, ಮಿಸ್ ಅಕ್ಷರದಂತೆಯೇ ಆ ಪದವನ್ನು ತಿದ್ದಿ ತಿದ್ದಿ ಕಲಿತೆ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳೆಲ್ಲ ತುಂಬಿದವು. ಆ ಶನಿವಾರ ಮಿಸ್ ನನ್ನ ನೋಟ್‌ಬುಕ್ಕನ್ನು ಹಿಂದಿನಿಂದಲೇ ತೆರೆದರು.

“ಇದೆಲ್ಲಾ ನೀನೇ ಬರ್ದಿದ್ದಾ?”

“ಹೂಂ ಮಿಸ್.”

“ಕೈ ನೋಯ್ಲಿಲ್ವಾ?”

“ಇಲ್ಲ ಮಿಸ್.”

ಅವರು ಬೈಯಲಿಲ್ಲ. ಎಲ್ಲಕ್ಕಿಂತ ಕೆಳಗೆ ತಾವೇ ‘ಟೈರ್‌ಲೆಸ್ಲಿ’ ಎಂದು ಬರೆದರು.

ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ಅಂಗಡಿಯಿಂದಲೇ ಸವಿತಾಗೆ ಫೋನ್ ಮಾಡಿ, ಮಿಸ್ ನಿನಗೆ ಬರೆಯುತ್ತಿದ್ದ ಪದ ಗೊತ್ತಾ ಎಂದು ಕೇಳಿದೆ.

“ಯಾವ್ ಪದ ಕಣೇ? ನಂಗೊಂದೂ ನೆನಪಿಲ್ಲ,” ಎಂದು ನಕ್ಕಳು.

ಅದಕ್ಕೂ ಹೊಟ್ಟೆ ಉರಿಯಿತು.